ಬೆರಳಷ್ಟು ಚಿತ್ರಕ್ಕೆ ಹೆದರಿದವರು

ಹದಿಹರೆಯದವರ ಪುಸ್ತಕಗಳನ್ನು ನಾನು ಈಗಲೂ ಬಿಡದೆ ಓದುತ್ತೇನೆ. ಅದಕ್ಕೇ 2022ರ ಜನವರಿಯ ಆ ಸುದ್ದಿ ಇನ್ನೂ ಮನಸ್ಸಿನಿಂದ ಹೋಗಿಲ್ಲ. ಅಮೆರಿಕದ ಟೆನೆಸಿ ರಾಜ್ಯದ ಮ್ಯಾಕ್‌ಮಿನ್ ಕೌಂಟಿಯ ಶಾಲಾ ಮಂಡಳಿ, ನಾಜಿಗಳು ನಡೆಸಿದ ಯಹೂದಿಗಳ ನರಮೇಧದ ಬಗ್ಗೆ ಆರ್ಟ್ ಸ್ಪೀಗೆಲ್‌ಮನ್ ಚಿತ್ರಗಳಲ್ಲಿ ಹೇಳಿದ ‘ಮೌಸ್’ ಪುಸ್ತಕವನ್ನು ಎಂಟನೇ ತರಗತಿಯ ಪಾಠದಿಂದ ತೆಗೆದುಹಾಕಿತು. ಪರವಾಗಿ 10 ಮತ, ವಿರೋಧವಾಗಿ ಒಂದೂ ಇಲ್ಲ. ಕಾರಣ, ಕೆಲವು ಬೈಗುಳ ಮತ್ತು ಒಂದು ಬೆತ್ತಲೆ ಚಿತ್ರ.

ಆ ಚಿತ್ರ ನೋಡಿದ್ದೀರಾ? ತೀರಾ ಪುಟ್ಟದು, ಕಪ್ಪು ಬಿಳುಪು. ಸ್ನಾನದ ತೊಟ್ಟಿಯಲ್ಲಿ ಸತ್ತು ಬಿದ್ದಿರುವ ತಾಯಿ. ನಾಜಿಗಳ ಕ್ಯಾಂಪಿನಿಂದ ಜೀವಂತ ಹೊರಬಂದು, ವರ್ಷಗಳ ನಂತರ ಪ್ರಾಣ ಕಳೆದುಕೊಂಡವಳು. ಆ ಚಿತ್ರ ಬರೆದವನು ಅವಳ ಸ್ವಂತ ಮಗ, ಅಂದರೆ ಸ್ಪೀಗೆಲ್‌ಮನ್. ಅಲ್ಲಿ ಯಾರಿಗಾದರೂ ಅಶ್ಲೀಲವೇ ಕಂಡಿತು ಅಂದರೆ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ತಮ್ಮ ಮಗು ಏನು ಓದುತ್ತಿದೆ ಅಂತ ಅಪ್ಪ ಅಮ್ಮ ಗಮನಿಸಲಿ. ಅದು ಅವರ ಹಕ್ಕು. ಆದರೆ ಊರಿನ ಮಕ್ಕಳೆಲ್ಲರ ಕೈಯಿಂದ ಪುಸ್ತಕ ಕಿತ್ತುಕೊಳ್ಳುವುದು ಬೇರೆಯೇ ಮಾತು, ಅಲ್ವಾ?

ನ್ಯೂಯಾರ್ಕಿನ ಐಲ್ಯಾಂಡ್ ಟ್ರೀಸ್ ಶಾಲೆಗಳ ಲೈಬ್ರರಿಯಿಂದ ಪುಸ್ತಕ ತೆಗೆದಾಗ ಕೋರ್ಟಿಗೆ ಹೋದವರು ವಿದ್ಯಾರ್ಥಿಗಳೇ. 1982ರಲ್ಲಿ ಸುಪ್ರೀಂ ಕೋರ್ಟ್ ಅವರ ಮಾತಿಗೆ ಬೆಲೆ ಕೊಟ್ಟಿತು. ಪುಸ್ತಕಗಳು ಕಪಾಟಿಗೆ ವಾಪಸ್ ಬಂದವು. ಈ ಮಕ್ಕಳ ಬಗ್ಗೆ ನನಗೆ ತುಂಬಾ ಗೌರವ.

ಆದರೆ ನಿಷೇಧವಾದರೆ ಸುದ್ದಿಯಾದರೂ ಆಗುತ್ತದೆ. ‘ಯಾಕೆ ಸುಮ್ನೆ ತಲೆನೋವು’ ಅಂತ ಲೈಬ್ರರಿಯವರು ತರಿಸದೇ ಬಿಟ್ಟ ಪುಸ್ತಕದ ಬಗ್ಗೆ ಯಾರಿಗೂ ಗೊತ್ತಾಗುವುದಿಲ್ಲ. ನನಗೆ ಜಾಸ್ತಿ ಚಿಂತೆ ಇದರದ್ದೇ. ಅದನ್ನು ಕೇಳಲು ಹುಡುಗರಿಗೆ ಅದರ ಹೆಸರೇ ತಿಳಿದಿರುವುದಿಲ್ಲ.