ವೈರಮುಡಿ ರಾತ್ರಿಗೊಂದು ಪವರ್ ಬ್ಯಾಂಕ್

ಅಪ್ಪನನ್ನು ಕರೆದುಕೊಂಡು ಮೇಲುಕೋಟೆ ವೈರಮುಡಿಗೆ ಹೋಗಬೇಕೆಂಬುದು ನನ್ನ ಬಹಳ ದಿನದ ಆಸೆ. ಮಂಡ್ಯದ ಖಜಾನೆಯಿಂದ ಬರುವ ವೈರಮುಡಿ ಎಂಬ ಆ ಕಿರೀಟಕ್ಕೆ ಹಗಲ ಬೆಳಕು ತಾಕಬಾರದು ಎಂಬ ನಂಬಿಕೆಯಿದೆ. ಹಾಗಾಗಿ ಉತ್ಸವ ನಡೆಯುವುದೇ ರಾತ್ರಿ. ಅಷ್ಟು ಜನರ ನಡುವೆ ಅಪ್ಪ ಒಂದು ಕಡೆ, ನಾನೊಂದು ಕಡೆ ಆದರೆ ಫೋನೇ ಗತಿ. ಜನ ಜಾಸ್ತಿ ಸೇರಿದ ಕಡೆ ಸಿಗ್ನಲ್‌ಗಾಗಿ ತಡಕಾಡಿಯೇ ಫೋನಿನ ಬ್ಯಾಟರಿ ಬೇಗ ಇಳಿಯುತ್ತದೆ. ಜೊತೆಗೆ ವಿಡಿಯೊ ಬೇರೆ.

ಮೈಸೂರಿನ ದೇವರಾಜ ಅರಸು ರಸ್ತೆಯ ಅಂಗಡಿಯೊಂದರಲ್ಲಿ ಪವರ್ ಬ್ಯಾಂಕ್ ಕೇಳಿದೆ. ‘ಹತ್ತು ಸಾವಿರ ಎಂಎಎಚ್ ಸಾರ್, ನಿಮ್ಮ ಐದು ಸಾವಿರ ಎಂಎಎಚ್ ಫೋನು ಎರಡು ಸಲ ಫುಲ್ ಆಗುತ್ತೆ’ ಅಂದ ಹುಡುಗ. ಎಂಎಎಚ್ ಅಂದರೆ ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬ ಅಳತೆ. ಆದರೆ ಲೆಕ್ಕ ಅಷ್ಟು ನೇರವಾಗಿಲ್ಲ. ಒಳಗಿರುವ ಬ್ಯಾಟರಿ 3.7 ವೋಲ್ಟಿನದು, ಹೊರಗೆ ಕೊಡಬೇಕಾದದ್ದು 5 ವೋಲ್ಟ್ ಅಥವಾ ಇನ್ನೂ ಹೆಚ್ಚು. ಹಾಗೆ ಏರಿಸುವಾಗ ಒಂದಿಷ್ಟು ಶಕ್ತಿ ಬಿಸಿಯಾಗಿ ಹೋಗುತ್ತದೆ. ಆದ್ದರಿಂದ ನೋಡಬೇಕಾದದ್ದು ವ್ಯಾಟ್-ಅವರ್, ಅಂದರೆ ಒಳಗೆ ಹಿಡಿಯುವ ಒಟ್ಟು ಶಕ್ತಿ. ಇದರಲ್ಲಿ 37 ಇತ್ತು. ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ ‘ರೇಟೆಡ್ ಕೆಪಾಸಿಟಿ’ ಅಂತಲೂ ಬರೆದಿತ್ತು, ಅದೇ ನಿಜವಾಗಿ ನಮ್ಮ ಕೈಗೆ ಸಿಗುವುದು. ಸಾಮಾನುಗಳ ಗುಣಮಟ್ಟಕ್ಕೆ ಮಾನದಂಡ ಹಾಕುವ ಸರ್ಕಾರಿ ಸಂಸ್ಥೆ ಬಿಐಎಸ್ ಕೊಡುವ, ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿ, ಆಮೇಲೆ ದುಡ್ಡು ಕೊಟ್ಟೆ. ಬೆಂಕಿ ಹತ್ತಬಲ್ಲ ವಸ್ತುವನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುವವರು ಇಷ್ಟಾದರೂ ನೋಡಲೇಬೇಕು, ಅಲ್ವಾ?

ಮನೆಯಲ್ಲಿ ಪರೀಕ್ಷೆ ಮಾಡಿದೆ. ಖಾಲಿ ಫೋನು ಒಂದು ಸಲ ಪೂರ್ತಿ ತುಂಬಿತು, ಎರಡನೇ ಸಲಕ್ಕೆ ಅರ್ಧದ ಹತ್ತಿರ ನಿಂತಿತು. ಒಂದು ರಾತ್ರಿಗೆ ಬೇಕಾದಷ್ಟಾಯಿತು.

ತೊಡಕು ಬಂದದ್ದು ಅಪ್ಪನ ಫೋನಿನಿಂದ. ಅವರದು ಬಟನ್ ಫೋನು, ಹಳೇ ಮೈಕ್ರೋ ಯುಎಸ್‌ಬಿ ಪಿನ್ನು. ಸರಿಯಾದ ಕೇಬಲ್ ಹಾಕಿದರೂ ಸ್ವಲ್ಪ ಹೊತ್ತಿಗೆ ಚಾರ್ಜಿಂಗ್ ನಿಂತುಹೋಗುತ್ತಿತ್ತು. ಸಣ್ಣ ಫೋನು ಎಳೆಯುವ ಕರೆಂಟು ತೀರಾ ಕಡಿಮೆ. ಏನೂ ಸಿಕ್ಕಿಸಿಲ್ಲ ಎಂದುಕೊಂಡು ಪವರ್ ಬ್ಯಾಂಕ್ ತಾನೇ ಆಫ್ ಆಗುತ್ತದೆ. ನಾನು ಕೊಂಡದ್ದರಲ್ಲಿ ಬಟನ್ ಎರಡು ಸಲ ಒತ್ತಿದರೆ ಕಡಿಮೆ ಕರೆಂಟಿನ ಮೋಡ್ ಬರುತ್ತದೆ. ಕಿವಿಗೆ ಹಾಕುವ ಇಯರ್‌ಬಡ್, ಕೈಗೆ ಕಟ್ಟುವ ಬ್ಯಾಂಡ್‌ಗಳಿಗೂ ಇದೇ ಮೋಡ್ ಬೇಕು. ಅಂಗಡಿಯಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ಮನೆಯಲ್ಲಿ ವಯಸ್ಸಾದವರು ಬಟನ್ ಫೋನ್ ಇಟ್ಟುಕೊಂಡಿದ್ದರೆ ಕೊಳ್ಳುವ ಮೊದಲು ಕೇಳಿ.

ಆ ರಾತ್ರಿ ಅಪ್ಪ ಒಂದು ಮನೆಯ ಜಗಲಿಯ ಮೇಲೆ ಕೂತರು. ಗರುಡನ ಮೇಲೆ ಚೆಲುವನಾರಾಯಣ ಬಂದಾಗ ಎದ್ದು ನಿಂತು ಕೈ ಮುಗಿದರು. ನಾನು ವಿಡಿಯೊ ತೆಗೆಯುವುದು ಬಿಟ್ಟು ಅವರ ಪಕ್ಕದಲ್ಲೇ ನಿಂತೆ.

ಊರಿಗೆ ವಾಪಸು ಬಂದಾಗ ಕರೆಂಟಿರಲಿಲ್ಲ. ಬಚ್ಚಲ ದಾರಿಗೆ ಹಿಂದಿನ ದಿನವೇ ಹಾಕಿದ್ದ ಇನ್ವರ್ಟರ್ ಬಲ್ಬ್ ಮಾತ್ರ ಉರಿಯುತ್ತಿತ್ತು. ಒಳಗೊಂದು ಸಣ್ಣ ಬ್ಯಾಟರಿ ಇರುವ ಎಲ್ಇಡಿ ಬಲ್ಬ್ ಅದು. ಹೋಲ್ಡರ್‌ನಿಂದ ಬಿಚ್ಚಿ ಬುಡವನ್ನು ಅಂಗೈಗೆ ಒತ್ತಿದರೂ ಹತ್ತಿಕೊಳ್ಳುತ್ತದೆ. ಮೈಯಲ್ಲಿ ಹರಿಯುವ ಅತಿ ಸಣ್ಣ ಕರೆಂಟೇ ಅದಕ್ಕೆ ಸಾಕು. ಅಪ್ಪನಿಗೆ ಇದು ಎಷ್ಟು ಹಿಡಿಸಿತೆಂದರೆ ಬೆಳಿಗ್ಗೆ ಪಕ್ಕದ ಮನೆಯ ಮಕ್ಕಳನ್ನೆಲ್ಲ ಕರೆದು ತೋರಿಸಿದರು. ಇಷ್ಟು ಉಪಯೋಗದ ಸಾಮಾನು ಇನ್ನೊಂದಿಲ್ಲ ಅನ್ನುವುದು ನನ್ನ ಅಭಿಪ್ರಾಯ.

‘ಕೊಟ್ಟಿಗೆಗೂ ಒಂದು ತಂದ್ಹಾಕಪ್ಪ’ ಅಂದರು. ಆದರೆ ಅದು ಚಾರ್ಜ್ ಆಗುವುದು ಸ್ವಿಚ್ ಆನ್ ಇದ್ದಾಗ ಮಾತ್ರ. ಕರೆಂಟು ಹೋದಾಗ ತಾನಾಗಿ ಹತ್ತುವುದಕ್ಕೂ ಸ್ವಿಚ್ ಆನ್ ಇರಬೇಕು. ಕೊಟ್ಟಿಗೆ ದೀಪವನ್ನು ಅಪ್ಪ ದಿನವಿಡೀ ಆರಿಸಿಯೇ ಇಡುತ್ತಾರೆ. ಅಲ್ಲಿಗೆ ಚಾರ್ಜ್ ಮಾಡುವ ಟಾರ್ಚೇ ಸರಿ ಅಂತ ಹೇಳಿದ್ದೇನೆ. ಮುಂದಿನ ಸಲ ಊರಿಗೆ ಹೋಗುವಾಗ ತೆಗೆದುಕೊಂಡು ಹೋಗಬೇಕು.