ಇಳಿಸುವವರು ಯಾರು?

ನಮ್ಮ ಅಪಾರ್ಟ್‌ಮೆಂಟಿನ ವಾರ್ಷಿಕ ಸಭೆಗೆ ಕೋರಂ ತುಂಬಬೇಕಾದರೆ ಮನೆಮನೆ ಬಾಗಿಲು ಬಡಿಯಬೇಕು. ಆಗಸ್ಟ್ 15ಕ್ಕೆ ಆ ಕಷ್ಟವಿಲ್ಲ. ಎಂಟೂವರೆಗೆಲ್ಲ ಇಸ್ತ್ರಿ ಮಾಡಿದ ಜುಬ್ಬಾ, ಹಸಿರಂಚಿನ ಸೀರೆ, ಕೆನ್ನೆಗೆ ಮೂರು ಬಣ್ಣ ಬಳಿದ ಮಕ್ಕಳು ಎಲ್ಲ ಹಾಜರ್. ಕ್ಲಬ್‌ಹೌಸಿನಿಂದ ಖಾರಾಬಾತಿನ ಘಮ ಬರುತ್ತಿರುತ್ತದೆ, ಅದೂ ಒಂದು ಕಾರಣವಿರಬಹುದು.

ಈ ಸಲ ಧ್ವಜ ಏರಿಸಿದ್ದು ಎ ಬ್ಲಾಕಿನ ಹಿರಿಯರೊಬ್ಬರು. ಎಂಬತ್ತು ದಾಟಿದವರು, ಗೌರಿಬಿದನೂರು ಕಡೆಯವರು, ಅಂದರೆ ವಿದುರಾಶ್ವತ್ಥದ ಮಗ್ಗುಲಿನವರು. ಭಾಷಣ ಉದ್ದ ಮಾಡಲಿಲ್ಲ. 1938ರ ಏಪ್ರಿಲ್‌ನಲ್ಲಿ ಮೈಸೂರು ಸಂಸ್ಥಾನದಲ್ಲಿ ಕಾಂಗ್ರೆಸ್ ಬಾವುಟ ಹಾರಿಸಬಾರದು ಅಂತ ನಿಷೇಧವಿತ್ತು, ಮದ್ದೂರಿನ ಹತ್ತಿರ ಶಿವಪುರದಲ್ಲಿ ಅದನ್ನು ಮುರಿದರು, ಅದೇ ತಿಂಗಳ 25ಕ್ಕೆ ವಿದುರಾಶ್ವತ್ಥದಲ್ಲಿ ಬಾವುಟಕ್ಕಾಗಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು, ಜನ ಸತ್ತರು ಎಂದರು. ಮಕ್ಕಳು ಅಷ್ಟರಲ್ಲಿ ಚಡಪಡಿಸತೊಡಗಿದ್ದವು. ಅವರು ಕೋಲು ಎತ್ತಿ ಬಿ ಬ್ಲಾಕಿನ ಬಾಲ್ಕನಿಗಳತ್ತ ತೋರಿಸಿದರು. “ಆಗ ಏರಿಸೋಕೆ ಬಿಡ್ತಿರಲಿಲ್ಲ. ಈಗ ಇಳಿಸೋರೇ ಇಲ್ಲವಲ್ಲ, ಅವನ್ನ ನೋಡಿ.”

ಎಲ್ಲರೂ ಕತ್ತೆತ್ತಿ ನೋಡಿದೆವು. ದಿನಾ ಕಣ್ಣಿಗೆ ಬೀಳುವುದೇ, ಆದರೆ ಯಾರೂ ನೋಡಿರಲಿಲ್ಲ. ಹೋದ ವರ್ಷದ ಬಾವುಟಗಳು, ಕೆಲವು ಅದಕ್ಕೂ ಹಿಂದಿನವು. ಒಂದರ ಕೇಸರಿ ಬಿಸಿಲಿಗೆ ತಿಳಿಸಾರಿನ ಬಣ್ಣಕ್ಕೆ ಬಂದಿತ್ತು. ಒಂದನ್ನು ಎಸಿಯ ಹೊರಘಟಕಕ್ಕೆ ತಂತಿಯಿಂದ ಬಿಗಿದಿದ್ದರು. ಇನ್ನೊಂದು ಬಟ್ಟೆ ಒಣಹಾಕುವ ಹಗ್ಗದ ಮೇಲೆ, ಪಕ್ಕದಲ್ಲಿ ಯಾರದೋ ಬನಿಯನ್ನು.

ಇದು ಶುರುವಾದದ್ದು 2022ರಲ್ಲಿ ಎಂದು ನನ್ನ ಲೆಕ್ಕ. ಮೊದಲು ರಾಷ್ಟ್ರಧ್ವಜವೆಂದರೆ ಕೈಯಲ್ಲಿ ನೂತು ನೇಯ್ದ ಬಟ್ಟೆ, ಸೂರ್ಯ ಮುಳುಗುವ ಹೊತ್ತಿಗೆ ಇಳಿಸಬೇಕು ಎಂಬ ನಿಯಮ. 2021ರ ಡಿಸೆಂಬರ್‌ನಲ್ಲಿ ಧ್ವಜ ಸಂಹಿತೆಗೆ ತಿದ್ದುಪಡಿಯಾಗಿ ಪಾಲಿಯೆಸ್ಟರ್, ಯಂತ್ರದಲ್ಲಿ ತಯಾರಾದ ಬಟ್ಟೆಗೂ ಒಪ್ಪಿಗೆ ಸಿಕ್ಕಿತು. 2022ರ ಜುಲೈನಲ್ಲಿ ಮನೆಯ ಮೇಲೆ ರಾತ್ರಿಯೂ ಹಾರಬಹುದು ಎಂದಾಯಿತು. ಆಗಸ್ಟ್‌ನಲ್ಲಿ ಮನೆಮನೆಗೂ ತಿರಂಗಾ ಬಂತು. ಸಂಜೆ ಇಳಿಸುವ ಕೆಲಸ ಹೋದ ಮೇಲೆ ಇಳಿಸುವ ನೆನಪೇ ಹೋಯಿತು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ಧ್ವಜ ತಯಾರಿಸುವವರು ಆಗ ಪಾಲಿಯೆಸ್ಟರ್ ವಿರುದ್ಧ ಪ್ರತಿಭಟಿಸಿದ್ದರು. ಹೊಟ್ಟೆಪಾಡಿನ ಮಾತು ಎಂದು ನಾವು ಪತ್ರಿಕೆ ಮಡಚಿಟ್ಟಿದ್ದೆವು.

ಮರುದಿನ ಹೌಸ್‌ಕೀಪಿಂಗ್‌ನ ಹೆಣ್ಣುಮಗಳು ನನ್ನನ್ನು ಮೀಟರ್ ರೂಮಿಗೆ ಕರೆದಳು. ಯಾದಗಿರಿ ಕಡೆಯವಳು. ಒಂದು ಚೀಲದ ಬಾಯಿ ಬಿಚ್ಚಿ ತೋರಿಸಿದಳು. ಪಾರ್ಕಿಂಗಿನಲ್ಲಿ, ಚರಂಡಿಯಲ್ಲಿ, ಲಿಫ್ಟಿನ ಮೂಲೆಯಲ್ಲಿ ಆರಿಸಿದ ಕಾಗದದ ಬಾವುಟಗಳು. ನಡುವೆ ಪ್ಲಾಸ್ಟಿಕ್ಕಿನವೂ ಇದ್ದವು, ಅವನ್ನು 2022ರ ಜುಲೈ 1ರಿಂದಲೇ ನಿಷೇಧಿಸಿದ್ದರೂ. “ಇವ್ನ ಯಾವ ಡಬ್ಬ್ಯಾಗ ಹಾಕ್ಬೇಕ್ರೀ ಅಕ್ಕಾರ? ಹಸಿರಾಗೋ, ನೀಲ್ಯಾಗೋ?” ಹಸಿ ಕಸ, ಒಣ ಕಸ ಬೇರೆ ಮಾಡಿ ಎಂದು ಅವಳಿಗೆ ದಿನಾ ಪಾಠ ಹೇಳುವ ನನಗೆ ಉತ್ತರ ಹೊಳೆಯಲಿಲ್ಲ. ಅವಳು ಯಾವ ಡಬ್ಬಿಗೂ ಹಾಕದೆ ಕಟ್ಟಿಟ್ಟಿದ್ದಳು.

ಭಾನುವಾರ ಅವಳನ್ನೂ ಇಬ್ಬರು ಕಾಲೇಜು ಹುಡುಗರನ್ನೂ ಕರೆದುಕೊಂಡು ಬಾವುಟ ಇಳಿಸಲು ಹೊರಟೆ. ಹೆಚ್ಚಿನವರು “ಅಯ್ಯೋ, ಮರೆತೇಬಿಟ್ಟಿದ್ವಿ” ಎಂದು ತಂದುಕೊಟ್ಟರು. ಒಬ್ಬರು ಮಾತ್ರ ಬಾಗಿಲು ಅರ್ಧ ತೆರೆದು, ಬಾವುಟ ತೆಗೆಸುತ್ತಿರುವುದು ಯಾರ ಹುಕುಂ ಎಂದು ಕೇಳಿದರು. ಹರಿದ, ಮಾಸಿದ ಧ್ವಜ ಹಾರಿಸುವಂತಿಲ್ಲ ಎಂದು ಸಂಹಿತೆಯೇ ಹೇಳುತ್ತದೆ ಎಂದೆ. ಫೋನಿನಲ್ಲಿ ತೋರಿಸಿದ ಮೇಲೆ, ತಾವೇ ಇಳಿಸಿ ಕೊಟ್ಟರು. ಕೊಡುವಾಗ ಕೊಡವಿ ಕೊಟ್ಟರು, ಅದೂ ನನಗೆ ಹಿಡಿಸಿತು.

ಮಡಚುವುದನ್ನು ಕಲಿಸಿದವರು ಅದೇ ಹಿರಿಯರು. ಕ್ಲಬ್‌ಹೌಸಿನ ಟೇಬಲ್ ಒರೆಸಿ, ಧ್ವಜ ಅಡ್ಡಲಾಗಿ ಹಾಸಬೇಕು. ಕೇಸರಿ, ಹಸಿರು ಎರಡನ್ನೂ ಬಿಳಿ ಪಟ್ಟಿಯ ಅಡಿಗೆ ಸರಿಸಬೇಕು, ಆದರೆ ಪೂರ್ತಿ ಅಲ್ಲ. ಒಂದಿಷ್ಟು ಅಂಚು ಕಾಣುತ್ತಿರಬೇಕು. ಆಮೇಲೆ ಎಡ ಬಲದ ತುದಿಗಳನ್ನು ನಡುವಿಗೆ ತಂದರೆ ಚಕ್ರ ಮೇಲೆ ಬಂದು ಕೂರುತ್ತದೆ. ಖಾದಿಯದು ಮಡಚಿದಲ್ಲೇ ನಿಲ್ಲುತ್ತದೆ. ಪಾಲಿಯೆಸ್ಟರ್ ಜಾರಿ ಬಿಚ್ಚಿಕೊಳ್ಳುತ್ತದೆ, ಹುಡುಗರಿಗೆ ರೇಗಿತು. ಯಾದಗಿರಿಯವಳ ಕೈಗೆ ಮಾತ್ರ ಎರಡೂ ಒಂದೇ, ಹೆಬ್ಬೆರಳಿಂದ ಅಂಚು ಒತ್ತಿ ಒತ್ತಿ ಸಾಲಾಗಿ ಜೋಡಿಸಿಟ್ಟಳು. ಚಕ್ರಕ್ಕೆ ಇಪ್ಪತ್ತನಾಲ್ಕು ಕಡ್ಡಿ ಇರಬೇಕಲ್ಲವೇ ಎಂದು ಒಬ್ಬ ಹುಡುಗ ಎಣಿಸತೊಡಗಿದ. ಕೆಲವದರಲ್ಲಿ ಕಮ್ಮಿ ಇದ್ದವು! ಚಕ್ರವೇ ಮೊಟ್ಟೆಯಾಕಾರ ತಾಳಿದ್ದೂ ಇತ್ತು.

ನಿಜವಾದ ಜಗಳ ಆಮೇಲೆ. ಹಾಳಾದ ಧ್ವಜವನ್ನು ಏಕಾಂತದಲ್ಲಿ, ಗೌರವದಿಂದ, ಸಾಧ್ಯವಾದರೆ ಸುಟ್ಟು ವಿಲೇವಾರಿ ಮಾಡಬೇಕು ಎಂಬುದು ಸಂಹಿತೆ. ಅದನ್ನು ಗುಂಪಿನಲ್ಲಿ ಹಾಕಿದ್ದೇ ತಡ, “ಬಾವುಟ ಸುಡ್ತಾರಂತೆ” ಎಂದು ಮೆಸೇಜುಗಳ ಮಳೆ. ರಾಷ್ಟ್ರಗೌರವ ಕಾಯ್ದೆ, 1971, ಮೂರು ವರ್ಷ ಜೈಲು, ಎಲ್ಲ ಬಂತು. ಆ ಕಾಯ್ದೆ ಸಾರ್ವಜನಿಕವಾಗಿ ಅವಮಾನ ಮಾಡುವವರಿಗೆ ಎಂದು ಒಬ್ಬ ವಕೀಲೆ ತಾಳ್ಮೆಯಿಂದ ಬರೆದರು. ಹೋದ ವರ್ಷದಿಂದ ಬಾವುಟ ಕೊಳೆಯುತ್ತಿದ್ದಾಗ ಸುಮ್ಮನಿದ್ದ ಕೈಗಳೇ ಈಗ ಬೆಳಗಿನ ಜಾವದವರೆಗೆ ಟೈಪ್ ಮಾಡಿದವು ಎನ್ನುವುದನ್ನು ನಾನು ಗುಂಪಿನಲ್ಲಿ ಬರೆಯಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ.

ಹತ್ತಿಯವನ್ನು ಕೊಳಚೆನೀರು ಶುದ್ಧೀಕರಿಸುವ ಎಸ್‌ಟಿಪಿ ಘಟಕದ ಹಿಂದೆ, ಹಿರಿಯರು, ವಕೀಲೆ, ನಾನು, ಯಾದಗಿರಿಯವಳು ನಿಂತು ಸುಟ್ಟೆವು. ಯಾರೂ ಫೋಟೋ ತೆಗೆಯಲಿಲ್ಲ. ಪಾಲಿಯೆಸ್ಟರ್ ಸುಡುವುದು ಬೇಡವೆಂದೆವು. ಆ ಹೊಗೆ ಮೂರನೇ ಮಹಡಿಯ ಉಬ್ಬಸದ ಮಗುವಿನ ಕಿಟಕಿಗೇ ಹೋಗುತ್ತದೆ. ಅವು ಒಂದು ಪೆಟ್ಟಿಗೆಯಲ್ಲಿ ಕಚೇರಿಯ ಬೀರುವಿನಲ್ಲಿವೆ. ಪ್ಲಾಸ್ಟಿಕ್ಕಿನವೂ ಅಲ್ಲೇ. ಏನು ಮಾಡುವುದೆಂದು ಮುಂದಿನ ಸಭೆಯ ಅಜೆಂಡಾದಲ್ಲಿ ಸೇರಿಸಿದ್ದೇನೆ. ಬರುವ ವರ್ಷಕ್ಕೆ ಬೆಂಗೇರಿಯಿಂದ ಖಾದಿ ಧ್ವಜ ತರಿಸೋಣ, ಬೇಕಾದವರು ಹೆಸರು ಬರೆಸಿ ಎಂದು ನೋಟಿಸ್ ಬೋರ್ಡಿಗೆ ಹಾಕಿದೆವು. ಹೆಸರುಗಳು ನಿಧಾನಕ್ಕೆ ಬರುತ್ತಿವೆ. ಬೆಲೆ ಕೇಳಿ ಹಿಂದೆ ಸರಿದವರೂ ಇದ್ದಾರೆ, ಅವರನ್ನು ದೂರುವುದಿಲ್ಲ.

ಇನ್ನೊಂದು ಬಾಕಿ ಇದೆ. ಬಿ ಬ್ಲಾಕಿನ ಐದನೇ ಮಹಡಿಯಲ್ಲಿ ಬೀಗ ಹಾಕಿದ ಮನೆ, ಮಾಲೀಕರು ದುಬೈನಲ್ಲಿ. ಬಾಡಿಗೆಯವರು ಕಟ್ಟಿದ್ದ ಬಾವುಟವನ್ನು ಬಿಟ್ಟು ಹೋಗಿದ್ದಾರೆ. ಮೊದಮೊದಲು ಮೆಸೇಜಿಗೆ ಉತ್ತರವಿರಲಿಲ್ಲ. ಕೊನೆಗೆ ಹರಿದ ಅಂಚಿನ ಫೋಟೋ ಕಳಿಸಿದ ಮೇಲೆ ಅವರೇ ಫೋನ್ ಮಾಡಿದರು. ಕೀ ಜಯನಗರದಲ್ಲಿರುವ ಅವರ ತಂಗಿಯ ಹತ್ತಿರ ಇದೆಯಂತೆ. ಬುಧವಾರ ಹೋಗಿ ತರುತ್ತೇನೆ ಎಂದು ಯಾದಗಿರಿಯವಳಿಗೆ ಹೇಳಿದ್ದೇನೆ. ಏಣಿ ಬೇಕಾಗುತ್ತದೆ ಎಂದಳು, ಆ ಬಾಲ್ಕನಿಯ ಕಂಬಿ ಎತ್ತರವಂತೆ.