ನ್ಯಾರೋಬೋಟಿನಲ್ಲಿ ಒಬ್ಬರೇ ಹೊರಡುವ ಮುಂಚೆ

ಮಲ್ಪೆಯಲ್ಲಿ ಮಳೆಗಾಲಕ್ಕೆ ಬೋಟುಗಳು ದಡ ಸೇರುವ ಹೊತ್ತಿಗೆ ಇಂಗ್ಲೆಂಡಿನ ಕಾಲುವೆಗಳಲ್ಲಿ ಒಳ್ಳೇ ಬೇಸಿಗೆ. ಅಲ್ಲಿ ನ್ಯಾರೋಬೋಟ್, ಅಂದರೆ ಕಾಲುವೆಯಲ್ಲಿ ಓಡುವ ಉದ್ದ, ಕಿರಿದಾದ ಇಂಜಿನ್ ದೋಣಿ ನಡೆಸಲು ಉಡುಪಿಯಿಂದ ಒಬ್ಬರೇ ಹೋಗುವುದಾದರೆ ಟಿಕೆಟ್ಟಿಗಿಂತ ಮೊದಲು ದೋಣಿ ಬಾಡಿಗೆಗೆ ಕೊಡುವವರನ್ನು ವಿಚಾರಿಸಿ. ಇಬ್ಬರಾದರೂ ಇರಲೇಬೇಕು ಎನ್ನುವವರು ಬಹಳ ಮಂದಿ.

ದೋಣಿ 57 ಅಡಿಗಿಂತ ಉದ್ದ ಬೇಡ. ಕಾಲುವೆಯಲ್ಲಿ ವೇಗದ ಮಿತಿ ಗಂಟೆಗೆ 4 ಮೈಲಿ. ಮೈಲಿಗೆ 20 ನಿಮಿಷ, ಒಂಟಿಯಾಗಿ ದಾಟುವ ಲಾಕ್‌ಗೆ (ನೀರು ತುಂಬಿಸಿ ಇಲ್ಲವೇ ಇಳಿಸಿ ದೋಣಿಯನ್ನು ಮೇಲೆ ಕೆಳಗೆ ಮಾಡುವ, ಎರಡೂ ಕಡೆ ಗೇಟಿರುವ ಕಟ್ಟೆ) ಅರ್ಧ ಗಂಟೆ ಹಿಡಿಯಿರಿ. 6 ಮೈಲಿ, 6 ಲಾಕ್ ಅಂದರೆ 5 ಗಂಟೆ. ದಿನಕ್ಕೆ ಅಷ್ಟು ಧಾರಾಳವಾಯಿತು.

ಜೀವಕ್ಕೆ ಅಪಾಯ ಇರುವುದು ಲಾಕ್‌ನಲ್ಲಿ ಕೆಳಗಿಳಿಯುವಾಗ. ಮೇಲಿನ ಗೇಟಿನ ಬುಡದಲ್ಲಿ ಸಿಲ್ ಎಂಬ ಕಟ್ಟೆ ಇರುತ್ತದೆ, ನೀರು ತುಂಬಿದಾಗ ಅದು ಕಾಣುವುದಿಲ್ಲ. ಗೋಡೆಯ ಮೇಲಿನ ಬಿಳಿ ಗೆರೆಗಿಂತ ದೋಣಿಯ ಹಿಂಭಾಗ ಮುಂದೆಯೇ ಇರಬೇಕು. ಸಿಲ್ ಮೇಲೆ ಕೂತರೆ ಮೂತಿ ಕೆಳಗಾಗಿ ನಿಮಿಷಗಳಲ್ಲಿ ಮುಳುಗೀತು. ಹಾಗಾದರೆ ತಕ್ಷಣ ಕೆಳಗಿನ ಪ್ಯಾಡಲ್ (ಲಾಕ್‌ಗೆ ನೀರು ಬಿಡುವ, ತಡೆಯುವ ಕಿಂಡಿ ಬಾಗಿಲು) ಮುಚ್ಚಿ, ಆಮೇಲೆ ಮೇಲಿನದನ್ನು ನಿಧಾನಕ್ಕೆ ತೆರೆಯಿರಿ. ದೋಣಿಯ ನಡುವಿನ ಹಗ್ಗವನ್ನು ದಡದ ಬೊಲಾರ್ಡ್‌ಗೆ, ಅಂದರೆ ಹಗ್ಗ ಸುತ್ತುವ ಗೂಟಕ್ಕೆ, ಒಂದು ಸುತ್ತು ಹಾಕಿ ತುದಿ ಕೈಯಲ್ಲೇ ಹಿಡಿಯಿರಿ. ಗಂಟು ಹಾಕಿದರೆ ನೀರಿಳಿದಂತೆ ದೋಣಿ ಹಗ್ಗಕ್ಕೆ ನೇತುಬೀಳುತ್ತದೆ.

ಪ್ರೊಪೆಲ್ಲರಿಗೆ ಪ್ಲಾಸ್ಟಿಕ್ ಸುತ್ತಿದರೆ ಇಂಜಿನ್ ನಿಲ್ಲಿಸಿ, ಕೀಲಿ ಜೇಬಿಗೆ ಹಾಕಿದ ಮೇಲೆಯೇ ವೀಡ್ ಹ್ಯಾಚ್, ಅಂದರೆ ಪ್ರೊಪೆಲ್ಲರಿಗೆ ಕೈ ಹಾಕುವ ಮುಚ್ಚಳದ ಕಿಂಡಿ, ತೆರೆಯುವುದು. ಮುಚ್ಚಳ ಸಡಿಲವಿದ್ದರೆ ಪ್ರೊಪೆಲ್ಲರೇ ನೀರನ್ನು ಒಳಗೆ ನೂಕುತ್ತದೆ.

ನದಿಗೆ ಇಳಿಯುವುದಾದರೆ ಲಂಗರು, ಲೈಫ್ ಜಾಕೆಟ್ ಬೇಕೇ ಬೇಕು. ಥೇಮ್ಸ್‌ನಲ್ಲಿ ಸೆಳೆತ ಜೋರಿದೆ ಎನ್ನುವ ಕೆಂಪು ಫಲಕ ಕಂಡರೆ ಕಟ್ಟಿದ ದೋಣಿ ಬಿಚ್ಚಬೇಡಿ. ಮಳೆ ಕಡಿಮೆಯಾದ ವರ್ಷ ಕಾಲುವೆಯ ಲಾಕ್‌ಗಳನ್ನು ಮುಚ್ಚುವುದೂ ಉಂಟು. ಕಾಲುವೆಗಳನ್ನು ನೋಡಿಕೊಳ್ಳುವ ಕೆನಾಲ್ ಅಂಡ್ ರಿವರ್ ಟ್ರಸ್ಟಿನ ಸೂಚನೆ ನೋಡಿಯೇ ದಾರಿ ಗೊತ್ತುಮಾಡಿ.